ಶಾಲಾ ಸಲಹೆಗಾರರೂ ಸಂಶೋಧನೆಯೂ

ಕನ್ನಡನಾಡಿನಲ್ಲಿ ಮನಶ್ಶಾಸ್ತ್ರದ ವ್ಯಾಸಂಗವು 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ನೆಲೆಗೊಂಡಿತು. ಅತ್ತ ವಿ. ವಿ. ಕಾಮತರು ಬಿನೆಯವರ ಬುದ್ಧಿಪರೀಕ್ಷೆಯನ್ನು ಕನ್ನಡ ಹಾಗೂ ಮರಾಠಿ ಮಕ್ಕಳಿಗೆ ಹೊಂದಿಸಿ, 1934ರಲ್ಲಿ ಪ್ರಬಂಧವಾಗಿಯೂ 1940ರಲ್ಲಿ ಗ್ರಂಥವಾಗಿಯೂ ಪ್ರಕಟಿಸಿದರು. ಪರದೇಶದ ಪ್ರಶ್ನೆಯು ನಮ್ಮ ಮಗುವಿಗೆ ಸಲ್ಲುವುದೇ ಎಂಬುದನ್ನು ನಮ್ಮ ಶಾಲೆಯಲ್ಲಿಯೇ ಪರಿಶೀಲಿಸಬೇಕೆಂಬ ತತ್ತ್ವವು ಇದರಿಂದ ಸ್ಪಷ್ಟವಾಯಿತು.

ಕೊಠಾರಿ ಆಯೋಗವು (1964–66) ಹತ್ತು ಪ್ರೌಢಶಾಲೆಗಳಿಗೆ ಒಬ್ಬ ಸಂಚಾರಿ ಸಲಹೆಗಾರನಿರಬೇಕೆಂದು ಸೂಚಿಸಿತು. 1974ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಮಾಲವಿಕಾ ಕಪೂರ್ ಮೊದಲಾದವರು, ಉಪಾಧ್ಯಾಯರನ್ನೇ ಮಕ್ಕಳ ಮನಃಸ್ವಾಸ್ಥ್ಯದ ಕಾರ್ಯಕ್ಕೆ ಅಣಿಗೊಳಿಸಿದರು. ಸಲಹೆಗಾರನಿಲ್ಲದ ಶಾಲೆಯಲ್ಲಿ ಆ ಹೊಣೆ ಇಂದಿಗೂ ಉಪಾಧ್ಯಾಯರದೇ.

ಈ ಚರಿತ್ರೆಯ ಪಾಠವು ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ನೇರವಾಗಿ ಅನ್ವಯಿಸುತ್ತದೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯ ಬಾಲಕನ ಆತಂಕವೂ, 2008ರಲ್ಲಿ ವಿಮಾನನಿಲ್ದಾಣ ಬಂದ ದೇವನಹಳ್ಳಿಯ ಬೇಸಾಯಗಾರನ ಮಗಳ ಆತಂಕವೂ ಒಂದೇ ಆಗಿರಬೇಕಿಲ್ಲ. ಈ ಭೇದವನ್ನು ಬಲ್ಲವರು ಅಲ್ಲಿನ ಸಲಹೆಗಾರರು. ಆದುದರಿಂದ ಸಂಶೋಧಕರು ಅವರನ್ನು ಪ್ರಶ್ನಾವಳಿ ತುಂಬುವವರೆಂದು ಭಾವಿಸದೆ, ಪ್ರಶ್ನೆಯನ್ನು ರೂಪಿಸುವಾಗಲೇ ಸಹಭಾಗಿಗಳಾಗಿ ಆಹ್ವಾನಿಸಬೇಕು. ಮೇಲಧಿಕಾರಿಯ ಆಜ್ಞೆಯಾಗಿ ಬಂದುದು ಆಹ್ವಾನವಲ್ಲ. ನಿರಾಕರಿಸುವ ಸ್ವಾತಂತ್ರ್ಯವೂ ಅವರಿಗಿರತಕ್ಕದ್ದು.

ಮಗುವು ನಂಬಿ ಹೇಳಿದ ಮಾತು ಸಲಹೆಗಾರನ ಸ್ವತ್ತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಗಳು ಪೋಷಕರ ಅನುಮತಿಯೊಡನೆ, ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಬಯಸುತ್ತವೆ. ಅಧ್ಯಯನ ಮುಗಿದ ಮೇಲೆ ಫಲಿತಾಂಶವು ಕನ್ನಡದಲ್ಲಿ ಆ ಶಾಲೆಗೆ ಮರಳಬೇಕು. ಹಾಗಾದಲ್ಲಿ ಮಾತ್ರ ಮುಂದಿನ ಆಹ್ವಾನಕ್ಕೆ ಮನ್ನಣೆ ದೊರೆತೀತು.