ದರ್ಜೆಗೆ ಸೇರದ ಅಂಕಗಳು

ನಮ್ಮ ಪದವಿ ಕಾಲೇಜುಗಳಲ್ಲಿ ಯಾವ ವಿಷಯಕ್ಕೆ ಎಷ್ಟು ಮರ್ಯಾದೆ ಎಂದು ತಿಳಿಯಲು ಪಠ್ಯಕ್ರಮ ಓದಬೇಕಾಗಿಲ್ಲ. ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದ ಟೈಮ್ ಟೇಬಲ್ ನೋಡಿದರೆ ಸಾಕು. ಬೆಳಗಿನ ಪೀರಿಯಡ್‌ಗಳೆಲ್ಲ ಭೌತಶಾಸ್ತ್ರಕ್ಕೆ, ಅಕೌಂಟೆನ್ಸಿಗೆ, ಅರ್ಥಶಾಸ್ತ್ರಕ್ಕೆ. ಊಟವಾದ ಮೇಲೆ, ಹಳ್ಳಿಯ ಬಸ್ಸಿನ ಹೊತ್ತು ಹತ್ತಿರವಾಗಿ ಮಕ್ಕಳು ಬ್ಯಾಗಿನ ಜಿಪ್ ಎಳೆಯುವ ಸಮಯಕ್ಕೆ, ಪರಿಸರ ಅಧ್ಯಯನ, ಭಾರತದ ಸಂವಿಧಾನ, ಭಾಷೆ ಎಂಬ ಕಡ್ಡಾಯ ಪತ್ರಿಕೆಗಳು. ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಐಚ್ಛಿಕ ಕನ್ನಡ ತೆಗೆದುಕೊಂಡ ಬಿ.ಎ. ಮಕ್ಕಳಿಗಿಂತ ಹೆಚ್ಚಾಗಿ ಬಿ.ಎಸ್‌ಸಿ., ಬಿ.ಕಾಂ. ಮಕ್ಕಳಿಗೆ ಭಾಷಾ ಪಠ್ಯ ಹೇಳುವುದರಲ್ಲೇ ನನ್ನ ಸರ್ವೀಸು ಕಳೆಯಿತು. ಹೊಸ ತರಗತಿ ಶುರುವಾದ ವಾರದಲ್ಲೇ ಒಬ್ಬರಾದರೂ ಎದ್ದು ನಿಂತು ಕೇಳುತ್ತಿದ್ದರು: "ಸಾರ್, ಇದರ ಮಾರ್ಕ್ಸ್ ಕ್ಲಾಸಿಗೆ ಸೇರುತ್ತಾ?" ಆಗಿನ ನಿಯಮದಲ್ಲಿ ಸೇರುತ್ತಿರಲಿಲ್ಲ. ಪಾಸಾದರೆ ಸಾಕಿತ್ತು. ದರ್ಜೆ, ರ‍್ಯಾಂಕು ಎಲ್ಲ ಐಚ್ಛಿಕ ವಿಷಯಗಳ ಮೇಲೆಯೇ.

ಕೇಳಿದ ಮಗುವಿನ ಮೇಲೆ ನನಗೆ ಎಂದೂ ಸಿಟ್ಟು ಬರಲಿಲ್ಲ. ತನ್ನ ವಿಷಯದಾಚೆಗೂ ಪದವೀಧರನಿಗೆ ನಾಲ್ಕು ಸಂಗತಿ ಗೊತ್ತಿರಬೇಕು ಎಂಬ ಮಾತನ್ನು ನಮ್ಮ ದೇಶ ಬಹಳ ಗಂಭೀರವಾಗಿಯೇ ಆಡಿದೆ, ಮತ್ತೆ ಮತ್ತೆ ಆಡಿದೆ. ಆಡಿದ ಮಾತು ತರಗತಿಯ ಬಾಗಿಲಿಗೆ ಬರುವಷ್ಟರಲ್ಲಿ ಏನಾಯಿತು ಎನ್ನುವುದು ನನ್ನನ್ನು ಬಹಳ ಕಾಲ ಕಾಡಿದ ಪ್ರಶ್ನೆ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದಾಗ ಪಾಠವೆಲ್ಲ ಇಂಗ್ಲಿಷಿನಲ್ಲಿ. ಕನ್ನಡವೆಂದರೆ ಎರಡನೆಯ ಭಾಷೆಯ ಒಂದು ಪತ್ರಿಕೆ. ಕನ್ನಡದಲ್ಲಿ ಎಂ.ಎ. ಶುರುವಾಗಲು 1927 ಬರಬೇಕಾಯಿತು. ಆದರೆ ಆ ಕಾಲದ ಅಧ್ಯಾಪಕರನ್ನು ನೋಡಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಗೆ ದುಡಿದರು, ಅದೇ ಕೈಯಲ್ಲಿ ಪಂಪಭಾರತದ ಸಂಪಾದನೆಗೂ ದುಡಿದರು. ಕನ್ನಡ ಕಾವ್ಯದ ದಾರಿಯನ್ನೇ ಬದಲಿಸಿದ ಬಿ.ಎಂ. ಶ್ರೀಕಂಠಯ್ಯನವರು ಸಂಬಳ ಪಡೆದದ್ದು ಇಂಗ್ಲಿಷ್ ಪಾಠಕ್ಕೆ. 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ 'ಪ್ರಬುದ್ಧ ಕರ್ನಾಟಕ' ಹೊರಡಿಸಿದರು. ಮುಂದೆ ಕುಲಪತಿಗಳಾಗಿ ಬಂದ ಬ್ರಜೇಂದ್ರನಾಥ ಸೀಲ್ ತತ್ತ್ವಶಾಸ್ತ್ರದವರು. ಪ್ರಾಚೀನ ಭಾರತದ ವಿಜ್ಞಾನಗಳ ಬಗ್ಗೆ ಗ್ರಂಥ ಬರೆದಿದ್ದರು. 1930ರ ದಶಕದಲ್ಲಿ ವಿಶ್ವವಿದ್ಯಾನಿಲಯ ಪ್ರಚಾರೋಪನ್ಯಾಸ ಮಾಲೆ ಆರಂಭಿಸಿ ಅಧ್ಯಾಪಕರನ್ನು ಊರೂರಿಗೆ ಕಳಿಸಿತು, ಉಪನ್ಯಾಸಗಳನ್ನು ಕೈಗೆಟುಕುವ ಬೆಲೆಯ ಸಣ್ಣ ಪುಸ್ತಕ ಮಾಡಿ ಹಂಚಿತು. ವಿಜ್ಞಾನ, ಸಾಹಿತ್ಯ ಎಂಬ ಗೋಡೆ ಇವರ ಬದುಕಿನಲ್ಲಿ ಇರಲಿಲ್ಲ. ನಿಯಮಾವಳಿಯಲ್ಲಿ ಮಾತ್ರ ಇತ್ತು. ಆ ವಿಸ್ತಾರವನ್ನು ಯಾವ ಪಠ್ಯಕ್ರಮವೂ ಇವರಿಗೆ ಕಡ್ಡಾಯ ಮಾಡಿದ್ದಲ್ಲ, ಇವರ ನಂತರದವರಿಗೆ ದಾಟಿಸುವ ವ್ಯವಸ್ಥೆಯೂ ಇರಲಿಲ್ಲ.

ಅದೇ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1918ರಿಂದ 1921ರವರೆಗೆ ತತ್ತ್ವಶಾಸ್ತ್ರ ಕಲಿಸಿದವರು ಸರ್ವೆಪಲ್ಲಿ ರಾಧಾಕೃಷ್ಣನ್. ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳೇ ಅವರ ಸಾರೋಟನ್ನು ರೈಲು ನಿಲ್ದಾಣದವರೆಗೆ ಎಳೆದ ಕಥೆ ಮೈಸೂರಿಗರಿಗೆಲ್ಲ ಗೊತ್ತು. ಅಷ್ಟು ಗೊತ್ತಿಲ್ಲದ್ದು, ನಮ್ಮ ಕಡ್ಡಾಯ ಪತ್ರಿಕೆಗಳ ಬೇರೂ ಅವರ ಹೆಸರಿಗೇ ಹೋಗಿ ಮುಟ್ಟುತ್ತದೆ ಎಂಬುದು.

ಅವರು ಮೈಸೂರಿನಲ್ಲಿದ್ದ ದಿನಗಳಲ್ಲೇ ಅಮೆರಿಕದಲ್ಲಿ ಒಂದು ಹೊಸ ಪದ್ಧತಿ ಹುಟ್ಟುತ್ತಿತ್ತು. ಮೊದಲ ಮಹಾಯುದ್ಧಕ್ಕೆ ಹೊರಟ ವಿದ್ಯಾರ್ಥಿಗಳಿಗೆ ಈ ಯುದ್ಧ ಯಾಕೆ ಎಂದು ತಿಳಿಸಲು ಅಲ್ಲಿನ ಕಾಲೇಜುಗಳು 1918ರಲ್ಲಿ ಒಂದು ಪಾಠ ಏರ್ಪಡಿಸಿದ್ದವು. ಯುದ್ಧ ಮುಗಿದ ಮೇಲೆ, 1919ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯ ಶಾಂತಿಯ ಕಾಲಕ್ಕೂ ಅಂಥದೊಂದು ಪಾಠ ಬೇಕೆಂದು ಸಮಕಾಲೀನ ನಾಗರಿಕತೆಯ ಅಧ್ಯಯನವನ್ನು ಮೊದಲ ವರ್ಷದವರಿಗೆಲ್ಲ ಕಡ್ಡಾಯ ಮಾಡಿತು. ಎರಡನೆಯ ಯುದ್ಧದ ನಡುವೆ ಹಾರ್ವರ್ಡ್ ಒಂದು ಸಮಿತಿ ಕೂರಿಸಿತು. 1945ರಲ್ಲಿ ಕೆಂಪು ರಟ್ಟಿನಲ್ಲಿ ಬಂದ ಅದರ ವರದಿ, ಸ್ವತಂತ್ರ ಸಮಾಜಕ್ಕೆ ಬೇಕಾದ ಸಾಮಾನ್ಯ ಶಿಕ್ಷಣ ಎಂಥದ್ದು ಎಂದು ಚರ್ಚಿಸಿತು. ಜನ ಜನರನ್ನು ಕೊಂದ ಕಾಲದಲ್ಲೇ ಪರಿಣತಿಯೊಂದೇ ಸಾಲದು ಎನ್ನುವುದು ವಿದ್ವಾಂಸರಿಗೆ ಹೊಳೆದದ್ದು. ನಮ್ಮಲ್ಲೂ ಹಾಗೆಯೇ ಆಯಿತು.

1948ರ ಜನವರಿಯಲ್ಲಿ ಗಾಂಧೀಜಿಯ ಹತ್ಯೆ. ಅದೇ ನವೆಂಬರಿನಲ್ಲಿ ಭಾರತ ಸರ್ಕಾರ ರಾಧಾಕೃಷ್ಣನ್ ಅಧ್ಯಕ್ಷತೆಯಲ್ಲಿ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗ ನೇಮಿಸಿತು. ಹತ್ತು ಜನರ ಆ ಆಯೋಗದಲ್ಲಿ ಭೌತವಿಜ್ಞಾನಿ ಮೇಘನಾದ ಸಾಹಾ ಇದ್ದರು, ವೈದ್ಯ ಲಕ್ಷ್ಮಣಸ್ವಾಮಿ ಮೊದಲಿಯಾರ್ ಇದ್ದರು, ಜಾಕಿರ್ ಹುಸೇನ್ ಇದ್ದರು. ಹೊರದೇಶದ ಮೂವರಲ್ಲಿ ಒಬ್ಬರು ಜಾನ್ ಟೈಗರ್ಟ್. ಫ್ಲಾರಿಡಾ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದಾಗ 1935ರಲ್ಲಿ, ಹೊಸದಾಗಿ ಸೇರಿದವರೆಲ್ಲ ಮೊದಲು ಸಾಮಾನ್ಯ ಶಿಕ್ಷಣ ಮುಗಿಸಿಯೇ ಮುಂದೆ ಹೋಗಬೇಕೆಂದು ಅದಕ್ಕೊಂದು ಪ್ರತ್ಯೇಕ ಕಾಲೇಜನ್ನೇ ಕಟ್ಟಿದವರು ಅವರು. 1949ರಲ್ಲಿ ಸಲ್ಲಿಸಿದ ವರದಿಯಲ್ಲಿ ಆಯೋಗ, ಸಾಮಾನ್ಯ ಶಿಕ್ಷಣವನ್ನು ತಡಮಾಡದೆ ಜಾರಿಗೆ ತರಬೇಕೆಂದು ಶಿಫಾರಸು ಮಾಡಿತು. ವಿಜ್ಞಾನ ಓದುವವನಿಗೆ ಸಾಹಿತ್ಯವೂ ಸಮಾಜವೂ ತಿಳಿದಿರಲಿ, ಕಲಾ ವಿಭಾಗದವನಿಗೆ ವಿಜ್ಞಾನದ ದಾರಿ ಗೊತ್ತಿರಲಿ ಎಂಬುದು ಅದರ ಆಶಯ. ದೇಶ ಆಗಷ್ಟೇ ಇಬ್ಭಾಗವಾಗಿ ರಕ್ತ ಹರಿದಿತ್ತು. ಸಂವಿಧಾನ ಇನ್ನೂ ಬರವಣಿಗೆಯಲ್ಲಿತ್ತು. ಈ ಹೊತ್ತನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಆ ಶಿಫಾರಸು ಬರೀ ಪಠ್ಯದ ಮಾತಾಗಿ ಕಾಣುವುದಿಲ್ಲ.

ಆಲಿಗಢ, ಬರೋಡಾ ಮುಂತಾದ ಕಡೆ ಪ್ರಯೋಗಗಳು ನಡೆದವು. ನಮ್ಮ ಕಡೆ ಅದು ಬೇರೂರಲಿಲ್ಲ. ಕಾರಣ ನಮ್ಮ ಸಂಯೋಜಿತ ಕಾಲೇಜುಗಳ ರಚನೆಯಲ್ಲೇ ಇದೆ ಎಂದು ನನ್ನ ಅಭಿಪ್ರಾಯ. ಪಾಠ ಹೇಳುವವನು ಒಬ್ಬ, ಪ್ರಶ್ನೆಪತ್ರಿಕೆ ತೆಗೆಯುವವನು ಇನ್ನೆಲ್ಲೋ ಇರುವ ಇನ್ನೊಬ್ಬ. ಎರಡು ಮೂರು ಶಾಸ್ತ್ರಗಳನ್ನು ಬೆಸೆದು ಹೇಳುವ ಪಾಠಕ್ಕೆ ಅಂಥ ಪರೀಕ್ಷೆಯಲ್ಲಿ ಜಾಗವಿಲ್ಲ. ಅದಕ್ಕೆಂದೇ ಅಧ್ಯಾಪಕರ ಹುದ್ದೆಯೂ ಮಂಜೂರಾಗಲಿಲ್ಲ. ಅದರ ಬದಲು ಬಂದದ್ದು ತರಗತಿಯ ಹೊರಗಿನ ಚಟುವಟಿಕೆಗಳು. ಚೀನಾ ಯುದ್ಧವಾದ ಮರುವರ್ಷ, 1963ರಲ್ಲಿ, ಎನ್.ಸಿ.ಸಿ. ಕಡ್ಡಾಯವಾಯಿತು. 1968ರಲ್ಲಿ ಆ ಕಡ್ಡಾಯ ಹೋಯಿತು. 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, ಎನ್.ಎಸ್.ಎಸ್. ಬಂತು. ಇವೆಲ್ಲದರ ನಡುವೆ ಎಲ್ಲ ವಿದ್ಯಾರ್ಥಿಗಳೂ ತಮ್ಮ ಶಾಸ್ತ್ರದಿಂದ ಹೊರಗೆ ಕಾಲಿಡುವ ಜಾಗವಾಗಿ ಉಳಿದದ್ದು ಭಾಷಾ ಪತ್ರಿಕೆಯೊಂದೇ.

ಆ ಪತ್ರಿಕೆಯಲ್ಲಿ ಏನು ಸಾಧ್ಯ ಎಂಬುದಕ್ಕೆ ಒಂದು ತರಗತಿಯ ಮಾತು ಹೇಳುತ್ತೇನೆ. ಬಿ.ಕಾಂ. ಮಕ್ಕಳಿಗೆ ರಾಘವಾಂಕನ ಹರಿಶ್ಚಂದ್ರ ಕಾವ್ಯದ ಭಾಗ ಪಠ್ಯವಾಗಿತ್ತು. ವಿಶ್ವಾಮಿತ್ರ ಬಹುಸುವರ್ಣಯಾಗಕ್ಕೆಂದು ಹೊನ್ನು ಬೇಡುತ್ತಾನೆ, ರಾಜ ಕೊಡುತ್ತಾನೆ. ಈಗ ನಿನ್ನಲ್ಲೇ ಇರಲಿ, ಬೇಕಾದಾಗ ಕೇಳುತ್ತೇನೆ ಎಂದು ಮುನಿ ಹೊರಟುಹೋಗುತ್ತಾನೆ. ರಾಜ್ಯವೆಲ್ಲ ಕೈಬಿಟ್ಟ ಮೇಲೆ ಆ ಹೊನ್ನು ಸಾಲವಾಗಿ ಬೆನ್ನು ಹತ್ತುತ್ತದೆ, ವಸೂಲಿಗೆ ನಕ್ಷತ್ರಿಕ ಜೊತೆಗೇ ಹೊರಡುತ್ತಾನೆ. ನಕ್ಷತ್ರಿಕನ ಕಾಟ ಎಂದು ನಾನು ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ನಮ್ಮನೆಗೂ ಬರ್ತಾನೆ ಸಾರ್, ಬೈಕಲ್ಲಿ" ಎಂದಳು. ಯಾರೂ ನಗಲಿಲ್ಲ. ಫೈನಾನ್ಸಿನವರ ಕಂತಿನ ದಿನ ಅಂಗಳದಲ್ಲಿ ಏನೇನಾಗುತ್ತದೆ ಎಂದು ಅರ್ಧ ತರಗತಿಗೆ ಗೊತ್ತಿತ್ತು. ಆಗ ಮುಂದಿನ ಸಾಲಿನಿಂದ ಒಬ್ಬ ಎದ್ದ. ಬೆಳಿಗ್ಗೆ ತಾನೇ ವ್ಯವಹಾರ ಕಾನೂನಿನ ಪಾಠ ಕೇಳಿಕೊಂಡು ಬಂದಿದ್ದ. "ಪ್ರತಿಫಲ ಇಲ್ಲದ ಕರಾರು ಊರ್ಜಿತ ಅಲ್ಲ ಸಾರ್, 1872ರ ಕಾಯ್ದೆ. ಹರಿಶ್ಚಂದ್ರ ಕೊಡಬೇಕಾಗೇ ಇರಲಿಲ್ಲ" ಎಂದ. ಇನ್ನೊಬ್ಬ ಬಿಡಲಿಲ್ಲ. "ಅದು ಕರಾರಲ್ಲ. ದಾನ ಕೊಟ್ಟಾಯ್ತು, ಮುನಿ ತನ್ನ ದುಡ್ಡನ್ನ ಇವನ ಹತ್ರ ಇಟ್ಟು ಹೋದ. ಇಟ್ಟಿದ್ದನ್ನ ವಾಪಸ್ ಕೊಡಲೇಬೇಕಲ್ಲ?" ಬೆಲ್ ಹೊಡೆದ ಮೇಲೂ ವಾದ ನಡೆದಿತ್ತು. ಸತ್ಯ ಎಂದರೆ ಹರಿಶ್ಚಂದ್ರನಿಗೆ ಕಾನೂನಿಗಿಂತ ಹೆಚ್ಚಿನದೇನೋ ಆಗಿತ್ತು ಎಂಬಲ್ಲಿಗೆ ಅವರೇ ಬಂದು ಮುಟ್ಟಿದರು. ರಾಧಾಕೃಷ್ಣನ್ ಆಯೋಗ ಬಯಸಿದ ಶಿಕ್ಷಣ ಇದಲ್ಲದೆ ಬೇರೆ ಯಾವುದೂ ಅಲ್ಲ ಎಂದು ನಾನು ನಂಬಿದ್ದೇನೆ. ಬಿ.ಎಸ್‌ಸಿ.ಯವರಿಗೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಹೇಳುವಾಗಲೂ ಇಂಥ ದಿನಗಳು ಸಿಕ್ಕಿವೆ. ಸಸ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಬರೆದ ಪುಸ್ತಕಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿದೆ ಎಂದಾಗ ಆ ಮಕ್ಕಳ ಬೆನ್ನು ನೆಟ್ಟಗಾಗುತ್ತಿತ್ತು.

ಭಾಷೆಯ ಜೊತೆಗೆ ಮುಂದೆ ಸೇರಿಕೊಂಡ ಪರಿಸರ ಪತ್ರಿಕೆ ಬಂದದ್ದು ನ್ಯಾಯಾಲಯದ ದಾರಿಯಿಂದ. ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 1991ರ ನವೆಂಬರಿನಲ್ಲಿ, ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸುವತ್ತ ಹೆಜ್ಜೆ ಇಡಿ ಎಂದು ನಿರ್ದೇಶಿಸಿತು. ವಿಶ್ವವಿದ್ಯಾನಿಲಯಗಳು ಮೈಮುರಿದು ಏಳಲು ಹನ್ನೆರಡು ವರ್ಷ ಹಿಡಿಯಿತು, 2003ರಲ್ಲಿ ಕೋರ್ಟು ಮತ್ತೆ ಚಾಟಿ ಎತ್ತಬೇಕಾಯಿತು. ಯುಜಿಸಿ ಎಲ್ಲ ಪದವಿಗಳಿಗೂ ಆರು ತಿಂಗಳ ಪಠ್ಯ ರೂಪಿಸಿತು. ಪಠ್ಯಪುಸ್ತಕ ಬರೆದುಕೊಟ್ಟವರು ಪುಣೆಯ ಎರಾಕ್ ಭರೂಚಾ, ವೃತ್ತಿಯಿಂದ ಶಸ್ತ್ರವೈದ್ಯರು. ಎಂಟು ಘಟಕ, 50 ಪಾಠ. ಅದರಲ್ಲಿ ಐದು ಪಾಠದಷ್ಟು ಹೊತ್ತು ಹೊರಗೆ ಹೋಗಿ ಕೆರೆ, ಹೊಳೆ, ಗುಡ್ಡ, ಹಕ್ಕಿಪಕ್ಕಿ ನೋಡಬೇಕು. ನೂರು ಅಂಕದಲ್ಲಿ 25 ಅದಕ್ಕೇ. ಇಷ್ಟು ಚೆನ್ನಾಗಿ ಯೋಚಿಸಿದ ಕಡ್ಡಾಯ ಪತ್ರಿಕೆಯನ್ನು ನಾನು ಬೇರೆ ನೋಡಿಲ್ಲ.

ನಮ್ಮ ಕಾಲೇಜಿನಲ್ಲಿ ಅದು ನನ್ನ ಪಾಲಿಗೆ ಬಂತು, ವರ್ಕ್‌ಲೋಡ್ ಕಡಿಮೆ ಇದ್ದವನು ನಾನು ಎಂಬ ಕಾರಣಕ್ಕೆ. ಮಕ್ಕಳನ್ನು ಊರ ಕೆರೆಗೆ ಕರೆದುಕೊಂಡು ಹೋದೆ. ಏರಿಯ ಮೇಲೆ ನಡೆಯುತ್ತ ಜೊಂಡು, ಅಂತರಗಂಗೆ ಎಂದು ನಾನು ತೋರಿಸುತ್ತಿದ್ದೆ. ತೂಬಿನ ಹತ್ತಿರ ಬಂದಾಗ ಇತಿಹಾಸ ಓದುತ್ತಿದ್ದ ಒಬ್ಬ ಹುಡುಗ ಮಾತು ತೆಗೆದುಕೊಂಡ. ಅವನ ತಾತ ನೀರುಗಂಟಿ. ಎರಡು ಕಲ್ಲುಕಂಬದ ನಡುವಿನ ಗಳು ಎಷ್ಟು ಎತ್ತಿದರೆ ಎಷ್ಟು ನೀರು, ಯಾವ ಗದ್ದೆಗೆ ಯಾವ ಸರದಿ, ಸುಗ್ಗಿಯಲ್ಲಿ ತಾತನಿಗೆ ಕಣದಲ್ಲೇ ಅಳೆದು ಕೊಡುತ್ತಿದ್ದ ಆಯ, ಕೊಳವೆಬಾವಿ ಬಂದ ಮೇಲೆ ಅದು ನಿಂತುಹೋದದ್ದು, ಆಮೇಲೆ ಕೋಡಿಯ ಹಾದಿಯಲ್ಲಿ ಸೈಟುಗಳೆದ್ದದ್ದು, ಎಲ್ಲ ಹೇಳಿದ. ಜೀವಶಾಸ್ತ್ರದ ಹುಡುಗಿಯರು ಬರೆದುಕೊಂಡರು. ಅವನು ಬರೆದ ವರದಿ ಹತ್ತು ಪುಟ. ಕೊನೆಗೆ ಏನಾಯಿತು? ಹೊರಗೆ ಕಾಲಿಡದ ತರಗತಿಗಳಿಗೂ ಆ 25 ಅಂಕ ಮೇಜಿನ ಮೇಲೆಯೇ ತುಂಬಿತು. ಮುಂದೆ ನಮ್ಮಲ್ಲಿ ಪರೀಕ್ಷೆಯನ್ನೂ ಸರಿಯುತ್ತರಕ್ಕೆ ಗುರುತು ಹಾಕುವ ರೀತಿಗೆ ಇಳಿಸಿದರು, ಗೈಡುಗಳು ಬಂದವು. ಆ ಹತ್ತು ಪುಟಕ್ಕೆ ನಾನು ಕೊಟ್ಟ ಪೂರ್ಣ ಅಂಕ ಅವನ ದರ್ಜೆಗೆ ಸೇರಲಿಲ್ಲ. ಈಗಲೂ ನನಗೆ ಅದು ಅನ್ಯಾಯವೆಂದೇ ಕಾಣುತ್ತದೆ.

2021ರ ಆಗಸ್ಟಿನಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿ ಮಾಡಿದ ಮೊದಲ ರಾಜ್ಯ ಕರ್ನಾಟಕ. ನಾಲ್ಕು ವರ್ಷದ ಆನರ್ಸ್, ಬೇರೆ ವಿಭಾಗದ ವಿಷಯ ಆಯ್ದುಕೊಳ್ಳುವ ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲೂಯೆನ್ಸಿ, ಯೋಗ, ಎಲ್ಲಕ್ಕೂ ಕ್ರೆಡಿಟ್. ಕಾಗದದ ಮೇಲೆ ನೋಡಿದಾಗ, ಬಿ.ಕಾಂ. ಹುಡುಗ ಜಾನಪದ ಓದುವುದು, ಬಿ.ಎ. ಹುಡುಗಿ ಆಹಾರ ರಸಾಯನ ಓದುವುದು ಆಗಿಯೇಬಿಡುತ್ತದೆ ಎಂದು ನನಗೆ ನಿಜವಾಗಿಯೂ ಸಂತೋಷವಾಗಿತ್ತು. ಸಣ್ಣ ಊರುಗಳ ಕಾಲೇಜುಗಳಲ್ಲಿ ಆಯ್ಕೆ ಎಂಬುದು ಯಾವ ಅಧ್ಯಾಪಕರಿದ್ದಾರೋ ಆ ವಿಷಯ ಎಂದಾಯಿತು. ಕನ್ನಡವನ್ನು ಎಲ್ಲರಿಗೂ ಕಡ್ಡಾಯ ಮಾಡಿದ ಆದೇಶ ಹೈಕೋರ್ಟಿಗೆ ಹೋಯಿತು, ಡಿಸೆಂಬರಿನಲ್ಲಿ ಕೋರ್ಟು ಒತ್ತಾಯ ಬೇಡವೆಂದು ಮಧ್ಯಂತರ ಆದೇಶ ಕೊಟ್ಟಿತು. ಇಲ್ಲಿ ಮೂರು ವರ್ಷ ಓದುವವರು ಇಲ್ಲಿಯ ಮಾತನ್ನು ಒಂದಿಷ್ಟಾದರೂ ಕಲಿಯಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದನ್ನು ಕಲಿಸಲು ಬೇಕಾದ ಅಧ್ಯಾಪಕರನ್ನು ನೇಮಿಸಿ ಆದೇಶ ಹೊರಡಿಸಿದ್ದರೆ ಅದಕ್ಕೊಂದು ತೂಕ ಇರುತ್ತಿತ್ತು. 2024ರ ಮೇ ತಿಂಗಳಲ್ಲಿ ರಾಜ್ಯ ನಾಲ್ಕು ವರ್ಷದ ಪದ್ಧತಿ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂತು.

ಈ ಏರಿಳಿತದ ಪೆಟ್ಟು ಬೀಳುವುದು ಅತಿಥಿ ಉಪನ್ಯಾಸಕರ ಮೇಲೆ. ಕಡ್ಡಾಯ ಪತ್ರಿಕೆಗಳ ಪಾಠ ಇವತ್ತು ಬಹುಪಾಲು ನಡೆಯುತ್ತಿರುವುದು ಅವರಿಂದ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಇತಿಹಾಸದಲ್ಲಿ ಎಂ.ಎ. ಮಾಡಿ ಎರಡು ಕಾಲೇಜುಗಳ ನಡುವೆ ಬಸ್ಸಿನಲ್ಲಿ ಓಡಾಡಿಕೊಂಡು ಸಂವಿಧಾನದ ಪಾಠ ಹೇಳುತ್ತಾರೆ. ಓಪನ್ ಎಲೆಕ್ಟಿವ್‌ಗೆಂದು ನಮ್ಮ ತಾಲೂಕಿನ ವೀರಗಲ್ಲುಗಳ ಮೇಲೆ ಟಿಪ್ಪಣಿ ಸಿದ್ಧ ಮಾಡಿದ್ದರು, ತಾವೇ ಫೋಟೊ ತೆಗೆದು, ಶಾಸನ ಓದಿಸಿ. ಎರಡು ಬ್ಯಾಚಿಗೆ ಹೇಳಿದರು. ಪಠ್ಯಕ್ರಮ ಬದಲಾದಾಗ ಆ ಪಾಠ ಹೋಯಿತು, ಅದರೊಂದಿಗೆ ವಾರದ ಅಷ್ಟು ಗಂಟೆ ಕೆಲಸವೂ ಹೋಯಿತು. ಆ ಟಿಪ್ಪಣಿಗಳನ್ನು ಈಗ ಸಂವಿಧಾನದ ತರಗತಿಯಲ್ಲಿ, ಹಳೆಯ ಕಾಲದ ಊರಾಡಳಿತದ ಮಾತು ಬಂದಾಗ ತೆಗೆದು ತೋರಿಸುತ್ತಾರಂತೆ. ಮುಂದಿನ ವರ್ಷದ ನೇಮಕದ ಕೌನ್ಸೆಲಿಂಗ್ ಪಟ್ಟಿಗೆ ಅವರು ಕಾಯುತ್ತಿದ್ದಾರೆ.