ಕೆರೆಯ ಮೇಲೆ ತೇಲಿದ ಗಗನಯಂತ್ರ

ವಿಶ್ವದ ಮೊದಲ ನಕ್ಷತ್ರಗಳು ಬೆಳಗಿದಾಗ, ಅಂದಿನ ಜಲಜನಕವು ರೇಡಿಯೋ ತರಂಗಗಳಲ್ಲಿ ಅತಿ ಕ್ಷೀಣವಾದ ಗುರುತೊಂದನ್ನು ಉಳಿಸಿರಬೇಕೆಂಬುದು ಸಿದ್ಧಾಂತಿಗಳ ಮತ. 2018ರಲ್ಲಿ ಪಶ್ಚಿಮ ಆಸ್ಟ್ರೇಲಿಯದಲ್ಲಿ ‘ಎಡ್ಜಸ್’ ಎಂಬ ಯಂತ್ರದಿಂದ ಆಕಾಶವನ್ನಳೆದವರು ಆ ಗುರುತು ದೊರೆಯಿತೆಂದು ಸಾರಿದರು. ಆದರೆ ಅದರ ಆಳವು ಸಿದ್ಧಾಂತವು ಒಪ್ಪುವ ಮಿತಿಗಿಂತ ಇಮ್ಮಡಿಗೂ ಮೀರಿದ್ದಿತು. ಇದಕ್ಕೆ ಕಾರಣವನ್ನು ಹೇಳಲೆಂದು ಕೆಲವರು ಕಣ್ಣಿಗೆ ಕಾಣದ ದ್ರವ್ಯಕ್ಕೆ ಹೊಸ ಗುಣಗಳನ್ನೇ ಕಲ್ಪಿಸಿದರು.

ಸರ್ ಸಿ. ವಿ. ರಾಮನ್ನರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನಾಲಯದವರು ಸಿದ್ಧಾಂತವನ್ನು ತಿದ್ದಹೋಗದೆ ಅಳತೆಯನ್ನೇ ಪರೀಕ್ಷಿಸಿದರು. ಯಂತ್ರದ ಕೆಳಗಿರುವ ಕಲ್ಲುಮಣ್ಣಿನ ಪದರಗಳು ಅಳತೆಯನ್ನು ಕೆಡಿಸಬಲ್ಲವು, ನೀರಾದರೋ ಏಕರೂಪವಾದುದು. ಆದುದರಿಂದ 2020ರಲ್ಲಿ ತಮ್ಮ ‘ಸರಸ್ 3’ ಯಂತ್ರವನ್ನು ತೆಪ್ಪದ ಮೇಲಿರಿಸಿ, ದಂಡಿಗಾನಹಳ್ಳಿಯ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತೇಲಿಬಿಟ್ಟರು. ಆ ಗುರುತು ಆಕಾಶದಿಂದ ಬಂದುದಲ್ಲವೆಂದು ಶೇಕಡಾ 95.3ರ ನಿಶ್ಚಯದೊಡನೆ 2022ರಲ್ಲಿ ಪ್ರಕಟಿಸಿದರು.

ಇಷ್ಟರಿಂದ ಸಿದ್ಧಾಂತವು ಗೆದ್ದಿತೆನ್ನಲಾಗದು. ಆಸ್ಟ್ರೇಲಿಯದಲ್ಲಿ ಕಂಡುದು ಏನೆಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಮೊದಲ ನಕ್ಷತ್ರಗಳ ನಿಜವಾದ ಗುರುತೂ ಇನ್ನೂ ನಿಸ್ಸಂದೇಹವಾಗಿ ಯಾರಿಗೂ ದೊರೆತಿಲ್ಲ. ಆದರೆ ವಿಶ್ವದ ನಿಯಮಗಳನ್ನೇ ಬದಲಿಸಬೇಕೆಂದಿದ್ದ ವಾದವೊಂದನ್ನು ನಮ್ಮ ನಾಡಿನ ಎರಡು ಜಲಾಶಯಗಳು ತಡೆದು ನಿಲ್ಲಿಸಿದುವು.