ಜೀಪಿನ ಡಿಕ್ಕಿಯಲ್ಲಿ ಚೈನ್‌ಸಾ: ಕ್ಯಾಂಪಿಂಗ್‌ಗೆ ಒಯ್ಯುವ ಮುನ್ನ ಇದನ್ನು ಓದಿ

"ಕಾಡುದಾರಿಯಲ್ಲಿ ಕ್ಯಾಂಪಿಂಗ್ ಹೊರಟಿದ್ದೀರಾ? ಗಾಡಿಯಲ್ಲಿ ಒಂದು ಚೈನ್‌ಸಾ ಇರಲಿ. ಗೋಣಿಚೀಲದಲ್ಲಿ ಸುತ್ತಿ ಸೀಟಿನ ಹಿಂದೆ ಹಾಕಿ, ನೀರಿನ ಬಾಟಲಿಯಲ್ಲಿ ಒಂದು ಲೀಟರ್ ಪೆಟ್ರೋಲ್ ಇಟ್ಟುಕೊಳ್ಳಿ, ಸಾಕು." ಜೀಪ್ ಮತ್ತು ಆಫ್‌ರೋಡ್ ಗ್ರೂಪುಗಳಲ್ಲಿ ಈ ರೀತಿಯ ಸಲಹೆಗಳು ಓಡಾಡುತ್ತಿರುತ್ತವೆ. ಕೇಳಲು ಸುಲಭ. ಆದರೆ ಇದರಲ್ಲಿ ಗಾಡಿಯೊಳಗೆ ಕೂತವರ ಜೀವಕ್ಕೇ ಕುತ್ತು ತರುವ ಅಂಶಗಳಿವೆ. ಯಾವ ಮಾತು ನಿಜ, ಯಾವುದು ಅಲ್ಲ ಎಂದು ನಾವು ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

• ಪೆಟ್ರೋಲ್ ಮತ್ತು ಪೆಟ್ರೋಲ್ ತುಂಬಿದ ಚೈನ್‌ಸಾ ಜನ ಕೂರುವ ಜಾಗದಲ್ಲಿ ಇರಕೂಡದು.
• ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಒಯ್ಯುವುದು ಅಪಾಯ. ನಮ್ಮ ದೇಶದ ಕಾನೂನಿಗೂ ಅದು ಒಪ್ಪಿಗೆಯಿಲ್ಲ.
• ಚೈನ್‌ಸಾವನ್ನು ಸುತ್ತಿಟ್ಟರೆ ಸಾಲದು, ಕಟ್ಟಿ ಹಾಕಬೇಕು.
• ಕರ್ನಾಟಕದ ಕಾಡಿನಲ್ಲಿ ಮೋಜಿನ ಪ್ರವಾಸಕ್ಕೆ ಚೈನ್‌ಸಾ ಬೇಡವೇ ಬೇಡ.

ಈ ಸಲಹೆ ಎಲ್ಲಿಂದ ಬಂತು?

ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ದಿನಗಟ್ಟಲೆ ಕಾಡು, ಬೆಟ್ಟ ಸುತ್ತಿ ಅಲ್ಲೇ ಟೆಂಟ್ ಹಾಕುವ ಅಭ್ಯಾಸ ಆಸ್ಟ್ರೇಲಿಯಾದಲ್ಲಿ ಬಹಳ ಜನಪ್ರಿಯ. ಅಲ್ಲಿನ ವಿಕ್ಟೋರಿಯಾ ರಾಜ್ಯದ ಬೆಟ್ಟಸೀಮೆಯಲ್ಲಿ ಗಾಳಿಮಳೆಗೆ ನೀಲಗಿರಿ ಜಾತಿಯ ದೊಡ್ಡ ಮರಗಳು ಕಚ್ಚಾರಸ್ತೆಗೆ ಅಡ್ಡ ಬೀಳುತ್ತವೆ. ಹತ್ತಿರದ ಊರು ಗಂಟೆಗಟ್ಟಲೆ ದೂರ, ಮೊಬೈಲ್ ಸಿಗ್ನಲ್ ಇರುವುದಿಲ್ಲ. ಆದ್ದರಿಂದ ಅನುಭವಿಗಳು ಚೈನ್‌ಸಾ ಒಯ್ಯುತ್ತಾರೆ. ಅನುಮತಿ ಇರುವ ಕಡೆ ಕ್ಯಾಂಪಿಗೆ ಸೌದೆ ಕೊಯ್ಯಲೂ ಅದು ಬೇಕು. ಮೆಲ್ಬರ್ನ್, ಸಿಡ್ನಿಯಲ್ಲಿ ನೆಲೆಸಿರುವ ನಮ್ಮವರಲ್ಲೂ ಈ ಹವ್ಯಾಸ ಇರುವವರಿದ್ದಾರೆ.

ಆದರೆ ಅಲ್ಲಿಯೂ ಎಲ್ಲೆಂದರಲ್ಲಿ ಚೈನ್‌ಸಾ ತೆಗೆಯುವಂತಿಲ್ಲ. ರಾಷ್ಟ್ರೀಯ ಉದ್ಯಾನಗಳಲ್ಲಿ ನಿರ್ಬಂಧಗಳಿವೆ, ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಅಪಾಯ ಹೆಚ್ಚಿದಾಗ ಬಯಲಲ್ಲಿ ಬೆಂಕಿ ಹಚ್ಚುವುದನ್ನೇ ನಿಷೇಧಿಸುವ 'ಟೋಟಲ್ ಫೈರ್ ಬ್ಯಾನ್' ಘೋಷಿಸುತ್ತಾರೆ. ಅಂಥ ದಿನಗಳಲ್ಲಿ ಕಿಡಿ ಹಾರಿಸಬಲ್ಲ ಯಂತ್ರಗಳಿಗೂ ಕಟ್ಟುನಿಟ್ಟು ಇರುತ್ತದೆ. ಫಾರ್ವರ್ಡ್ ಆಗುವಾಗ ಸಲಹೆ ಮಾತ್ರ ದಾಟಿ ಬರುತ್ತದೆ, ಈ ನಿಯಮಗಳು ಬರುವುದಿಲ್ಲ.

ಮಾತು 1: "ಮುಚ್ಚಳ ಬಿಗಿಯಾಗಿದ್ದರೆ ಡಿಕ್ಕಿಯಲ್ಲಿ ಇಡಬಹುದು"

ತಪ್ಪು. ಎಸ್‌ಯುವಿ, ಜೀಪ್‌ಗಳಲ್ಲಿ ಡಿಕ್ಕಿ ಎಂದರೆ ಬೇರೆ ಕೋಣೆಯಲ್ಲ. ಅದು ಹಿಂದಿನ ಸೀಟಿನ ಬೆನ್ನಿಗೇ ಇರುವ ತೆರೆದ ಜಾಗ. ಅಲ್ಲಿ ಸೋರಿದ ಆವಿಯನ್ನೇ ಮುಂದೆ ಕೂತವರೂ ಉಸಿರಾಡುತ್ತಾರೆ.

ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹಾಗಾಗಿ ಮೇಲೇರಿ ಕಿಟಕಿಯಿಂದ ಹೋಗುವುದಿಲ್ಲ, ನೆಲದ ಮಟ್ಟದಲ್ಲಿ ಹರಡಿ ಸೀಟಿನ ಅಡಿಯಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಶೇಕಡಾ 1.4ರಷ್ಟು ಪೆಟ್ರೋಲ್ ಆವಿ ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ಇದನ್ನು ನಾವು ಲೆಕ್ಕ ಹಾಕಿ ನೋಡಿದೆವು. ಗಾಡಿಯ ಒಳಗಿನ ಜಾಗ ಸುಮಾರು 3 ಘನ ಮೀಟರ್, ಅಂದರೆ 3,000 ಲೀಟರ್ ಗಾಳಿ ಎಂದಿಟ್ಟುಕೊಳ್ಳಿ. ಅದರ ಶೇಕಡಾ 1.4 ಎಂದರೆ 42 ಲೀಟರ್ ಆವಿ. ಅಷ್ಟು ಆವಿಗೆ ಬೇಕಾಗುವುದು ಹೆಚ್ಚುಕಡಿಮೆ 200 ಮಿಲಿಲೀಟರ್ ಪೆಟ್ರೋಲ್, ಅಂದರೆ ಒಂದು ಲೋಟ. ಆವಿ ಕೆಳಗೇ ಕೂರುವುದರಿಂದ ಸೀಟಿನ ಅಡಿಯಲ್ಲಿ ಇನ್ನೂ ಕಡಿಮೆ ಪೆಟ್ರೋಲಿಗೇ ಅಪಾಯದ ಮಟ್ಟ ಮುಟ್ಟಬಹುದು. ಸಾಧಾರಣ ಚೈನ್‌ಸಾದ ಟ್ಯಾಂಕಿನಲ್ಲೇ ಇದಕ್ಕಿಂತ ಹೆಚ್ಚು ಪೆಟ್ರೋಲ್ ಹಿಡಿಯುತ್ತದೆ.

"ನಾವೇನು ಬೆಂಕಿಕಡ್ಡಿ ಗೀರುತ್ತೇವಾ?" ಎಂದು ಕೇಳಬಹುದು. ಕ್ಯಾಂಪಿಂಗ್ ಗಾಡಿಯ ಹಿಂಭಾಗದಲ್ಲಿ ಸಾಮಾನ್ಯವಾಗಿ ಇರುವ ಸಣ್ಣ ಫ್ರಿಜ್, ಇನ್ವರ್ಟರ್, ಎಕ್ಸ್‌ಟ್ರಾ ಬ್ಯಾಟರಿ ಇವುಗಳನ್ನು ನೆನಪಿಸಿಕೊಳ್ಳಿ. ಸ್ವಿಚ್ ಆನ್ ಆಫ್ ಆಗುವಾಗ, ಸಡಿಲ ವೈರ್ ಕುಲುಕಾಡುವಾಗ ಹಾರುವ ಕಿಡಿಯೇ ಸಾಕು. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಗಾಡಿಯ ಒಳಗೆ ಒಂದು ಗಂಟೆಯಲ್ಲಿ ಹೊರಗಿಗಿಂತ 20 ಡಿಗ್ರಿ ಬಿಸಿ ಏರಬಹುದು. ಬಿಸಿ ಏರಿದಷ್ಟೂ ಆವಿ ಹೆಚ್ಚು.

ಬೆಂಕಿ ಹೊತ್ತದಿದ್ದರೂ ತೊಂದರೆ ತಪ್ಪಿದ್ದಲ್ಲ. ಗಾಜು ಏರಿಸಿ, ಎಸಿ ಹಾಕಿ ಗಂಟೆಗಟ್ಟಲೆ ಪೆಟ್ರೋಲ್ ವಾಸನೆ ಕುಡಿದರೆ ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳು ವಾಂತಿ ಮಾಡಿಕೊಂಡರೆ ಅದನ್ನು 'ಘಾಟಿ ತಿರುವಿನ ವಾಂತಿ' ಎಂದುಕೊಂಡು ಸುಮ್ಮನಾಗಬೇಡಿ, ಒಮ್ಮೆ ಡಿಕ್ಕಿ ತೆರೆದು ನೋಡಿ.

ಮಾತು 2: "ನೀರಿನ ಬಾಟಲಿ ಸಾಕು" ಮತ್ತು "ಪೆಟ್ರೋಲ್ ಬಾಟಲಿಯನ್ನೇ ಕರಗಿಸುತ್ತದೆ"

ಎರಡೂ ಪೂರ್ತಿ ಸರಿಯಲ್ಲ. ಪೆಟ್ರೋಲ್ ಥರ್ಮೋಕೋಲನ್ನು ಕರಗಿಸುತ್ತದೆ, ನಿಜ. ಆದರೆ ನೀರಿನ ಬಾಟಲಿಯ ಪ್ಲಾಸ್ಟಿಕ್ ಹಾಗೆ ತಕ್ಷಣ ಕರಗುವುದಿಲ್ಲ. "ಕರಗಲಿಲ್ಲವಲ್ಲ" ಎಂಬ ಧೈರ್ಯವೇ ಇಲ್ಲಿ ಮೋಸ ಮಾಡುತ್ತದೆ. ಬಾಟಲಿಯ ಮುಚ್ಚಳ ಪೆಟ್ರೋಲ್ ಆವಿಯ ಒತ್ತಡ ತಡೆಯಲು ಮಾಡಿದ್ದಲ್ಲ. ಕುಲುಕಾಟದಲ್ಲಿ, ಬಿಸಿಲಿನಲ್ಲಿ ಅದು ಸೋರುತ್ತದೆ. ಜೊತೆಗೆ, ಬಾಯಾರಿದ ಮಗುವೊಂದು ಅದನ್ನು ನೀರೆಂದು ಎತ್ತಿಕೊಳ್ಳುವ ಅಪಾಯವೂ ಇದೆ.

ಕಾನೂನು ಏನು ಹೇಳುತ್ತದೆ? 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ, ಮಾರಾಟಕ್ಕಲ್ಲದ ಪೆಟ್ರೋಲನ್ನು ಒಟ್ಟು 30 ಲೀಟರ್ ಮೀರದಂತೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಆದರೆ ಅದು ಭದ್ರವಾಗಿ ಮುಚ್ಚಿದ ಗಾಜು, ಪಿಂಗಾಣಿ ಅಥವಾ ಲೋಹದ ಪಾತ್ರೆಯಲ್ಲಿರಬೇಕು. ಗಾಜು, ಪಿಂಗಾಣಿಯದಾದರೆ ಒಂದೊಂದೂ 1 ಲೀಟರ್ ಮೀರಬಾರದು, ಲೋಹದ್ದಾದರೆ 25 ಲೀಟರ್. ಪ್ಲಾಸ್ಟಿಕ್ ಬಾಟಲಿ ಈ ಪಟ್ಟಿಯಲ್ಲಿ ಇಲ್ಲ. ಕುಲುಕುವ ಗಾಡಿಯಲ್ಲಿ ಗಾಜು ಒಯ್ಯುವುದು ಜಾಣತನವಲ್ಲ. ಆದ್ದರಿಂದ ಸಣ್ಣ ಲೋಹದ ಕ್ಯಾನೇ ಸರಿ.

ಕ್ಯಾನ್ ತುಂಬಿಸುವಾಗ ಎರಡು ವಿಷಯ ನೆನಪಿಡಿ.

• ಕ್ಯಾನನ್ನು ಗಾಡಿಯಿಂದ ಇಳಿಸಿ ನೆಲದ ಮೇಲಿಟ್ಟು ತುಂಬಿಸಿ. ಗಾಡಿಯ ಕಾರ್ಪೆಟ್, ಪ್ಲಾಸ್ಟಿಕ್ ಹಾಸಿನ ಮೇಲಿದ್ದರೆ ಸ್ಥಾಯಿ ವಿದ್ಯುತ್ ನೆಲಕ್ಕೆ ಇಳಿಯದೆ ಕಿಡಿ ಹಾರಬಹುದು.
• ಕಂಠಪೂರ್ತಿ ತುಂಬಿಸಬೇಡಿ. 20 ಡಿಗ್ರಿಯಲ್ಲಿ ತುಂಬಿಸಿದ 5 ಲೀಟರ್ ಪೆಟ್ರೋಲ್ 50 ಡಿಗ್ರಿಗೆ ಕಾದರೆ ಸುಮಾರು 150 ಮಿಲಿಲೀಟರ್ ಉಬ್ಬುತ್ತದೆ. ಅದಕ್ಕೆ ಜಾಗ ಬೇಕು.

ಮಾತು 3: "ಗೋಣಿಚೀಲದಲ್ಲಿ ಸುತ್ತಿದರೆ ಸಾಕು"

ಸಾಲದು. ಚೈನ್‌ಸಾ ಸುಮಾರು 6 ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳಿ. 60 ಕಿ.ಮೀ. ವೇಗದಲ್ಲಿ ಗಾಡಿ ಡಿಕ್ಕಿ ಹೊಡೆದು ನಿಂತರೆ, ಕಟ್ಟದ ಚೈನ್‌ಸಾ ಅದೇ ವೇಗದಲ್ಲಿ ಮುಂದೆ ನುಗ್ಗುತ್ತದೆ. ಅದರ ಹೊಡೆತ 14 ಮೀಟರ್ ಎತ್ತರದಿಂದ, ಅಂದರೆ ನಾಲ್ಕನೇ ಮಹಡಿಯಷ್ಟು ಮೇಲಿಂದ ಬಿದ್ದದ್ದಕ್ಕೆ ಸಮ. ಸೀಟ್ ಬೆಲ್ಟ್ ನಿಮ್ಮನ್ನು ಹಿಡಿಯುತ್ತದೆ, ಹಿಂದಿನಿಂದ ಬರುವ ಯಂತ್ರವನ್ನಲ್ಲ. ಆಸ್ಟ್ರೇಲಿಯಾದಲ್ಲಿ ಅನೇಕರು ಸೀಟಿಗೂ ಸಾಮಾನಿಗೂ ನಡುವೆ ಕಬ್ಬಿಣದ ಜಾಲರಿ ಹಾಕಿಸುವುದು ಇದೇ ಕಾರಣಕ್ಕೆ.

ಸರಿಯಾದ ಕ್ರಮ ಹೀಗಿದೆ:

1. ಎಂಜಿನ್ ನಿಲ್ಲಿಸಿ ಪೂರ್ತಿ ತಣ್ಣಗಾಗಲು ಬಿಡಿ. ಕೆಲಸ ಮುಗಿದ ಕೂಡಲೇ ಸೈಲೆನ್ಸರ್ ನೂರಾರು ಡಿಗ್ರಿ ಬಿಸಿ ಇರುತ್ತದೆ. ಗೋಣಿಚೀಲ, ಒಣಹುಲ್ಲು ತಾಗಿದರೆ ಹೊತ್ತಬಹುದು.
2. ಚೈನಿನ ಮೇಲೆ ಅದರ ಕವರ್ ಹಾಕಿ, ಚೈನ್ ಬ್ರೇಕ್ ಎಳೆದಿಡಿ.
3. ಟ್ಯಾಂಕಿನ ಪೆಟ್ರೋಲನ್ನು ಕ್ಯಾನಿಗೆ ಸುರಿದು ಖಾಲಿ ಮಾಡಿ.
4. ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಗಾಡಿಯ ಕೊಂಡಿಗಳಿಗೆ ಬೆಲ್ಟಿನಿಂದ ಬಿಗಿಯಿರಿ.
5. ಪಿಕಪ್ ಆದರೆ ಹಿಂದಿನ ತೆರೆದ ಟ್ರೇಯಲ್ಲಿ ಇಡಿ. ಪೆಟ್ರೋಲ್ ಕ್ಯಾನ್ ನೆಟ್ಟಗೆ ನಿಂತಿರಲಿ, ಗಾಳಿಯಾಡುವ, ನೆರಳಿರುವ ಜಾಗದಲ್ಲಿರಲಿ. ಅಡುಗೆ ಸ್ಟೌ, ಗ್ಯಾಸ್, ಆಹಾರದಿಂದ ದೂರವಿರಲಿ.

"ನನ್ನ ಚೈನ್‌ಸಾ ಎಣ್ಣೆ ಸೋರುತ್ತಿದೆ, ಹಾಳಾಗಿದೆಯೇ?"

ಸಾಮಾನ್ಯವಾಗಿ ಇಲ್ಲ. ಚೈನಿಗೆ ಎಣ್ಣೆ ಉಣಿಸಲು ಬೇರೆ ಟ್ಯಾಂಕ್ ಇರುತ್ತದೆ. ಗಾಡಿ ಬಿಸಿಯಾದಾಗ ಆ ಟ್ಯಾಂಕಿನ ಗಾಳಿ ಹಿಗ್ಗಿ ಎಣ್ಣೆಯನ್ನು ಹೊರಗೆ ತಳ್ಳುತ್ತದೆ. ಹೊರಡುವ ಮುನ್ನ ಎಣ್ಣೆ ಖಾಲಿ ಮಾಡಿ, ಕೆಳಗೆ ಒಂದು ಟ್ರೇ ಇಡಿ. ಆದರೆ ಸೋರುತ್ತಿರುವುದು ಎಣ್ಣೆಯೋ ಪೆಟ್ರೋಲೋ ಎಂದು ಮೂಸಿ ಖಚಿತಪಡಿಸಿಕೊಳ್ಳಿ. ಪೆಟ್ರೋಲ್ ಆದರೆ ರಿಪೇರಿ ಆಗುವವರೆಗೆ ಒಯ್ಯಬೇಡಿ.

ಮಾತು 4: "ಮಿಕ್ಸ್ ಮಾಡಿದ ಪೆಟ್ರೋಲ್ ವರ್ಷವಿಡೀ ಇಡಬಹುದು"

ತಪ್ಪು. ಚೈನ್‌ಸಾದ ಟೂ ಸ್ಟ್ರೋಕ್ ಎಂಜಿನ್‌ಗೆ ಪೆಟ್ರೋಲಿನಲ್ಲಿ 2ಟಿ ಆಯಿಲ್ ಬೆರೆಸಬೇಕು. 50ಕ್ಕೆ 1 ಎಂದಿದ್ದರೆ ಒಂದು ಲೀಟರಿಗೆ 20 ಮಿಲಿಲೀಟರ್. ಬೆರೆಸಿದ್ದನ್ನು ಒಂದು ತಿಂಗಳೊಳಗೆ ಬಳಸಿ ಮುಗಿಸುವುದು ಒಳ್ಳೆಯದು. ಈಗ ನಮ್ಮ ಬಂಕ್‌ಗಳಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥೆನಾಲ್ ಇರುವ ಇ20 ಪೆಟ್ರೋಲ್. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಎಥೆನಾಲ್ ಮತ್ತು ನೀರು ಬೇರ್ಪಟ್ಟು ತಳದಲ್ಲಿ ನಿಲ್ಲುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಇದು ಇನ್ನೂ ಬೇಗ. ನಿಮ್ಮ ಯಂತ್ರಕ್ಕೆ ಎಷ್ಟು ಎಥೆನಾಲ್ ಆಗುತ್ತದೆ ಎಂದು ಅದರ ಜೊತೆ ಬಂದ ಪುಸ್ತಕದಲ್ಲಿ ನೋಡಿ. ಪ್ರವಾಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಎತ್ತಿಡಿ. ಇಲ್ಲದಿದ್ದರೆ ಕಾರ್ಬುರೇಟರ್‌ನಲ್ಲಿ ಅಂಟು ಕಟ್ಟಿಕೊಂಡು, ಬೇಕಾದಾಗಲೇ ಸ್ಟಾರ್ಟ್ ಆಗುವುದಿಲ್ಲ.

ಮಾತು 5: "ಬ್ಯಾಟರಿ ಚೈನ್‌ಸಾ ಆದರೆ ಯಾವ ಅಪಾಯವೂ ಇಲ್ಲ"

ಅರ್ಧ ಸತ್ಯ. ಪೆಟ್ರೋಲ್ ಆವಿಯ ಭಯ ಇರುವುದಿಲ್ಲ, ಗಾಡಿಯಲ್ಲಿ ಒಯ್ಯಲು ಇದೇ ಮೇಲು. ಆದರೆ ಬ್ಯಾಟರಿ ಹಾಕಿಯೇ ಇಟ್ಟರೆ ಕುಲುಕಾಟದಲ್ಲಿ ಸ್ವಿಚ್ ಒತ್ತಿ ಹೋಗಬಹುದು. ಬ್ಯಾಟರಿ ತೆಗೆದು, ಅದರ ತುದಿಗಳಿಗೆ ಕಬ್ಬಿಣದ ಸಾಮಾನು ತಾಗದಂತೆ, ಬಿಸಿಲು ಬೀಳದ ಕಡೆ ಇಡಿ. ವಿಮಾನದಲ್ಲಿ ಒಯ್ಯುವ ಯೋಚನೆ ಇದ್ದರೆ, 160 ವ್ಯಾಟ್ ಅವರ್ ಮೀರಿದ ಲಿಥಿಯಂ ಬ್ಯಾಟರಿಗೆ ಪ್ರಯಾಣಿಕರ ಲಗೇಜಿನಲ್ಲಿ ಅವಕಾಶವಿಲ್ಲ. 36 ವೋಲ್ಟ್, 5 ಆಂಪಿಯರ್ ಅವರ್ ಬ್ಯಾಟರಿ 180 ಆಗುತ್ತದೆ.

ನಮ್ಮ ಕಾಡಿನಲ್ಲಿ ಏಕೆ ಬೇಡ?

ಮಲೆನಾಡು, ಕೊಡಗಿನ ತೋಟದವರಿಗೆ ಚೈನ್‌ಸಾ ದಿನನಿತ್ಯದ ಸಾಮಾನು. ಜೀಪಿನಲ್ಲಿ ತೋಟಕ್ಕೆ ಒಯ್ಯುವುದು ತಪ್ಪಲ್ಲ, ಮೇಲೆ ಹೇಳಿದ ಎಚ್ಚರಿಕೆ ಅವರಿಗೂ ಬೇಕು. ಆದರೆ ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ಮರ ಕಡಿಯುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಅರಣ್ಯ ಅಪರಾಧ ನಡೆದಿದೆ ಎಂದು ನಂಬಲು ಕಾರಣವಿದ್ದರೆ ಮರದ ಜೊತೆಗೆ ಉಪಕರಣ, ಹಗ್ಗ, ವಾಹನ ಎಲ್ಲವನ್ನೂ ಅಧಿಕಾರಿಗಳು ವಶಪಡಿಸಿಕೊಳ್ಳಬಹುದು. "ಒಣಗಿದ ಮರ ತಾನೇ" ಎಂಬ ವಾದ ನಿಮ್ಮ ಜೀಪನ್ನು ಬಿಡಿಸಿ ತರುವುದಿಲ್ಲ.

ಘಾಟಿಯಲ್ಲಿ ಮರ ಅಡ್ಡ ಬಿದ್ದಿದ್ದರೆ? ಗಾಡಿ ದೂರ ನಿಲ್ಲಿಸಿ 112ಕ್ಕೆ ಕರೆ ಮಾಡಿ. ವಿದ್ಯುತ್ ತಂತಿ ಸಿಕ್ಕಿಕೊಂಡಿದ್ದರೆ ಹತ್ತಿರವೇ ಹೋಗಬೇಡಿ, 1912ಕ್ಕೆ ತಿಳಿಸಿ. ಬಿದ್ದ ಮರ ಸುಮ್ಮನೆ ಮಲಗಿರುವುದಿಲ್ಲ. ಬಾಗಿ ಸಿಕ್ಕಿಕೊಂಡ ಕೊಂಬೆಯಲ್ಲಿ ಬಿಲ್ಲಿನಂತೆ ಬಿಗಿತ ತುಂಬಿರುತ್ತದೆ. ಗರಗಸ ತಾಗಿದ ಕ್ಷಣ ಅದು ಚಿಮ್ಮಿ ಹೊಡೆಯಬಹುದು. ತರಬೇತಿ ಇಲ್ಲದವರು ಕೈ ಹಾಕುವ ಕೆಲಸ ಇದಲ್ಲ.

ಕೊನೆಯದಾಗಿ

"ಗೋಣಿಚೀಲದಲ್ಲಿ ಸುತ್ತಿ ಸೀಟಿನ ಹಿಂದೆ ಹಾಕಿ" ಎಂಬ ಸಲಹೆ ನಿಮ್ಮ ಗ್ರೂಪಿಗೂ ಬಂದರೆ ಅಲ್ಲಿಗೇ ನಿಲ್ಲಿಸಿ. ಅದರ ಬದಲು ಇದನ್ನು ಕಳಿಸಿ: ಟ್ಯಾಂಕ್ ಖಾಲಿ, ಕವರ್ ಹಾಕಿ, ಪೆಟ್ಟಿಗೆಗೆ ಹಾಕಿ, ಬಿಗಿದು ಕಟ್ಟಿ, ಪೆಟ್ರೋಲ್ ಲೋಹದ ಕ್ಯಾನಿನಲ್ಲಿ, ಜನ ಕೂರುವ ಜಾಗದಿಂದ ಹೊರಗೆ. ಗಾಡಿಯೊಳಗೆ ಪೆಟ್ರೋಲ್ ವಾಸನೆ ಬಂದರೆ ಎಂಜಿನ್ ಆಫ್ ಮಾಡಿ, ಎಲ್ಲರನ್ನೂ ಇಳಿಸಿ, ಬಾಗಿಲುಗಳನ್ನು ತೆರೆದಿಟ್ಟು ದೂರ ನಿಲ್ಲಿ. ಬೇರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಹತ್ತು ನಿಮಿಷ ತಡವಾದರೂ ಪರವಾಗಿಲ್ಲ, ಟೆಂಟ್ ಆಮೇಲೆ ಹಾಕಿದರಾಯಿತು.